ನಾಲ್ಕನೇ ಹೆಸರು

ಅಲೆಕ್ಸಾಂಡ್ರಿಯಾ, ವರ್ಜೀನಿಯಾ
ಹಿದಾರ್ ೨೧, ೨೦೧೭, ಮರಿಯಮ್ ತಾಯಿಯ ಹಬ್ಬ
(ಇಲ್ಲಿಯವರ ಲೆಕ್ಕಕ್ಕೆ ೨೦೨೪ರ ನವೆಂಬರ್ ಮೂವತ್ತು. ನಮಗಿಂತ ಏಳು ವರ್ಷ ಮುಂದೆ ಓಡಿ ಇವರು ಏನು ಕಡಿದರೋ ನಾ ಕಾಣೆ.)

ನನ್ನ ಮಗಳು ಜೆನೆಬೆಚ್‌ಗೆ,

ಮೈ ಹೇಗಿದೆ? ಮಂಡಿ ನೋವು ಹೇಗಿದೆ? ಹಸು ಕರು ಹಾಕಿತೇ? ನಿನ್ನ ಮುಖ ಕಾಣದ ಸಂಕಟವೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ, ದೇವರಿಗೆ ಸ್ತುತಿ. ನಿನ್ನ ತಮ್ಮ ಮೆಸ್ಫಿನ್ ಚೆನ್ನಾಗಿದ್ದಾನೆ, ಟ್ಯಾಕ್ಸಿ ಓಡಿಸಿ ಓಡಿಸಿ ಅವನ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿದೆ. ನಿನ್ನ ಮಗಳು ಬೆಜಾವಿತ್ ಚೆನ್ನಾಗಿದ್ದಾಳೆ. ಅವಳ ವಿಷಯಕ್ಕೇ ಈ ಕಾಗದ.

ನಾಲ್ಕು ತಿಂಗಳು ಬರೆಯಲಿಲ್ಲ, ತಪ್ಪಾಯಿತು. "ಅಮ್ಮನಿಗೆ ಕಲಿತ ಅಕ್ಷರವೂ ಮರೆತುಹೋಯ್ತೇನೋ" ಎಂದು ಮೆಸ್ಫಿನ್ ಹತ್ತಿರ ಅಂದೆಯಂತೆ. ಅಕ್ಷರ ಮರೆಯಲಿಲ್ಲ ಕಣೇ, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇಂಜೆರಾ ಹೆಂಚಿನಿಂದ ಏಳುವ ಮೊದಲೇ ನೆಂಟರನ್ನು ಕೂಗುವ ಹೆಂಗಸು ನಾನಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅದನ್ನು ಜೋರಾಗಿಟ್ಟು ಇಡೀ ಕೇರಿಗೆ ಕೇಳಿಸುತ್ತೀ. ಅದಕ್ಕೇ ಪಕ್ಕದ ಕಟ್ಟಡದ ಅಲೆಮ್ ಊರಿಗೆ ಹೊರಟಿದ್ದಾಳೆಂದು ತಿಳಿದೊಡನೆ ಕೂತು ಬರೆಯುತ್ತಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಹಾಳೆ ಮಗುಚಿ ಕೊನೆಯಿಂದ ಓದುತ್ತೀ. ನಿನ್ನ ಮಗಳ ಅರ್ಜಿ ಒಪ್ಪಿಗೆಯಾಯಿತು! ಅವಳು ಈ ದೇಶದಲ್ಲಿ ಖಾಯಮ್ಮಾಗಿ ಇರಬಹುದು. ಕಾರ್ಡು ಕೈಗೆ ಬರಲು ಇನ್ನೂ ಕೆಲವು ತಿಂಗಳು ಬೇಕಂತೆ. ಅದು ಬಂದರೆ ಊರಿಗೆ ಬಂದು, ನಿನ್ನ ಮಡಿಲಲ್ಲಿ ತಲೆಯಿಟ್ಟು, ಮತ್ತೆ ಕೆಲಸಕ್ಕೆ ಹಿಂದಿರುಗಬಹುದು. ಒಂಬತ್ತು ವರ್ಷದಿಂದ ಅವಳು ಯಾಕೆ ಬರಲಿಲ್ಲ ಎಂದು ನೀನು ಒಳಗೊಳಗೇ ನೊಂದಿದ್ದೀ, ನನಗೆ ಗೊತ್ತು. ಅವಳ ವೀಸಾ ಒಂದೇ ಸಲ ಒಳಗೆ ಬಿಡುವಂಥದ್ದು. ಹೊಸಿಲು ದಾಟಿದರೆ ಮತ್ತೆ ಬಾಗಿಲು ತೆರೆಯುತ್ತಾರೆಂಬ ಭರವಸೆ ಇರಲಿಲ್ಲ.

ಈಗ ಅವಳು ನಿನಗೆ ಹೇಳದೆ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅವಳ ಕೆಲಸದ ಪರವಾನಗಿ ಬರುವ ತಹ್ಸಾಸ್ ತಿಂಗಳಿಗೆ ಮುಗಿಯುವುದಿತ್ತು. ವೀಸಾಕ್ಕೆ ಲಾಟರಿ ಎತ್ತುತ್ತಾರೆ, ಮೂರು ವರ್ಷವೂ ಅವಳ ಹೆಸರು ಏಳಲಿಲ್ಲ. ಖಾಯಂ ವಾಸಕ್ಕೆ ಸಾಮಾನ್ಯವಾಗಿ ಆಫೀಸಿನವರು ಅರ್ಜಿ ಹಾಕಬೇಕಂತೆ. ಅವಳ ಆಫೀಸಿನವರು ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೋಣ" ಅಂದರು. ಪರವಾನಗಿ ಮುಗಿದರೆ ಪೆಟ್ಟಿಗೆ ಕಟ್ಟಬೇಕು. ವಾಪಸು ಬಂದರೆ ನನ್ನ ಮಗಳು ನನಗೆ ಸಿಗುತ್ತಿದ್ದಳಲ್ಲ ಅನ್ನಬೇಡ. ಇಷ್ಟು ವರ್ಷ ಕಣ್ಣು ಕೆಡಿಸಿಕೊಂಡು ಮಾಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವಳು ಸಿಗುತ್ತಿದ್ದಳು.

ಆಗ ಆನಿ ಎಂಬ ಲಾಯರಮ್ಮ ಸಿಕ್ಕಳು. ಅರ್ಮೇನಿಯಾ ಕಡೆಯವಳು, ನನ್ನಷ್ಟೇ ಬಾಯಿ. ಆಫೀಸಿನ ಹಂಗಿಲ್ಲದೆ ತಾನೇ ಅರ್ಜಿ ಹಾಕಿಕೊಳ್ಳುವ ದಾರಿಯೊಂದಿದೆ, ನನ್ನ ಕೆಲಸದಿಂದ ಈ ದೇಶಕ್ಕೆ ಉಪಕಾರವಾಗಿದೆ ಎಂದು ತಾನೇ ತೋರಿಸಿಕೊಡಬೇಕು ಅಂದಳು.

"ಅಯ್ಯೋ, ಹೆಣ್ಣು ತಾನೇ ಗಂಡಿನ ಮನೆಗೆ ಹೋಗಿ 'ನಾನು ಬಂಗಾರ, ನನ್ನ ಕರ್ಕೊಳ್ಳಿ' ಅಂದ ಹಾಗಾಯ್ತಲ್ಲೇ!" ಅಂದೆ.

"ಹಾಗೇ ಅಂದ್ಕೋ ಅಜ್ಜಿ," ಅಂದಳು ಬೆಜಾವಿತ್. ಅವಳ ಮುಖ ಆಗಲೇ ಬಾಡಿತ್ತು.

ಅವಳ ಕೆಲಸ ಏನೆಂದು ನಿನಗೂ ಸರಿಯಾಗಿ ಗೊತ್ತಿಲ್ಲ, ನನಗೂ ಈಚೆಗೆ ತಿಳಿಯಿತು. ನೆಲದೊಳಗಿನ ನೀರಿನ ಪೈಪುಗಳ ಸದ್ದನ್ನು ಕಂಪ್ಯೂಟರಿಗೆ ಕೇಳಿಸಿ, ಯಾವ ಪೈಪು ಎಲ್ಲಿ ಒಡೆಯುತ್ತದೆ ಎಂದು ಒಡೆಯುವ ಮೊದಲೇ ಹೇಳುವ ಪ್ರೋಗ್ರಾಂ ಬರೆದಿದ್ದಾಳೆ. "ಪೈಪು ಮಾತಾಡುತ್ತೇನೇ?" ಅಂತ ಕೇಳಿದೆ. "ಮಾತಾಡಲ್ಲ ಅಜ್ಜಿ, ನರಳುತ್ತೆ," ಅಂದಳು. ನೀರು ಹೊತ್ತು ಹೊತ್ತು ನೆತ್ತಿ ಸವೆದವರ ಮೊಮ್ಮಗಳಲ್ಲವೇ, ನೀರಿನ ನರಳಾಟ ಅವಳಿಗಲ್ಲದೆ ಇನ್ನಾರಿಗೆ ಕೇಳಬೇಕು?

ಆದರೆ ತಾನು ಮಾಡಿದ್ದನ್ನು ಬರೆ ಎಂದರೆ ಕೈಯೇ ಓಡದು. ಮೂರು ಭಾನುವಾರ ಕೂತು ಒಂದು ಪುಟ ಬರೆದಳು. ನಮ್ಮ ತಂಡ ಮಾಡಿತು, ಹಿರಿಯರು ದಾರಿ ತೋರಿಸಿದರು, ದೇವರ ದಯೆಯಿಂದ ಕೈಗೂಡಿತು. ಲಾಯರಮ್ಮ ಓದಿ ಕನ್ನಡಕ ತೆಗೆದಿಟ್ಟಳು. "ಅಮ್ಮಾ ತಾಯಿ, ದೇವರು ಅರ್ಜಿ ಹಾಕ್ತಿಲ್ಲ. ನೀನು ಹಾಕ್ತಿರೋದು. ನೀನೇನ್ ಮಾಡ್ದೆ ಹೇಳು."

ಹೇಗೋ ತಿದ್ದಿ ಕಳಿಸಿದರು. ಒಂದೂವರೆ ತಿಂಗಳಿಗೆ ಸರ್ಕಾರದಿಂದ ಪ್ರಶ್ನೆಗಳ ಕಟ್ಟು ಬಂತು. ಅದರಲ್ಲಿ ಒಂದು ಪ್ರಶ್ನೆ ನನ್ನ ಎದೆಗೆ ನಾಟಿತು. ಈ ಪ್ರೋಗ್ರಾಮಿನ ಬಗ್ಗೆ ಅಚ್ಚಾದ ದೊಡ್ಡ ಲೇಖನದಲ್ಲಿ ನಿಮ್ಮ ಹೆಸರು ನಾಲ್ಕನೆಯದಾಗಿದೆ, ನೀವು ಬರೀ ಸಹಾಯಕಿಯಲ್ಲವೇ, ಎಂದು ಅಧಿಕಾರಿ ಕೇಳಿದ್ದ.

ಲಾಯರಮ್ಮ ಫೋನಿನಲ್ಲೇ ಕಿರುಚಿದಳು, ಮೆಸ್ಫಿನ್ ಪಕ್ಕದಲ್ಲಿ ನಿಂತು ನನಗೆ ಅರ್ಥ ಹೇಳುತ್ತಿದ್ದ. "ಕೆಲಸವೆಲ್ಲ ನಿಂದು ಅಂತೀಯ, ನಾಲ್ಕನೇ ಹೆಸರು ಯಾಕೆ?"

ಬೆಜಾವಿತ್ ಸಣ್ಣ ದನಿಯಲ್ಲಿ ಅಂದಳು, "ಮಿಕ್ಕ ಮೂವರೂ ನನಗಿಂತ ದೊಡ್ಡೋರು. ನಾನೇ ಅವರ ಹೆಸರು ಮುಂದೆ ಹಾಕ್ದೆ. ಅವರೇನೂ ಕೇಳ್ಲಿಲ್ಲ."

"ಯಾರು ಹೇಳಿದ್ರು ಹಾಗೆ ಹಾಕು ಅಂತ?"

ನಾನು ಒಲೆಯ ಮುಂದೆ ಶಿರೋ ಕಲಕುತ್ತಿದ್ದವಳು ಸೌಟು ಕೆಳಗಿಟ್ಟೆ. ಯಾರು ಹೇಳಿದ್ದು? ನಾನು ಹೇಳಿದ್ದು. ತಟ್ಟೆಗೆ ಹಿರಿಯರು ಕೈ ಹಾಕುವ ಮೊದಲು ಬೆರಳು ಚಾಚಿದರೆ ಆ ಬೆರಳ ಮೇಲೆ ಹೊಡೆದವಳು ನಾನು. ಬಾಗಿಲಲ್ಲಿ "ನೀವು ಮೊದಲು" ಅನ್ನದೆ ನುಗ್ಗಿದರೆ ಕಿವಿ ಹಿಂಡಿದವಳು ನಾನು. ಕೂಸು ಕಲಿತದ್ದನ್ನು ಕಾಗದದ ಮೇಲೂ ನಡೆಸಿತು. ನಮ್ಮಲ್ಲಿ ಕೊನೆಗೆ ಕೂತವಳನ್ನು ಯಜಮಾನ ತಾನೇ ಎದ್ದು ಮೇಲಕ್ಕೆ ಕರೆದು ಕೂರಿಸುತ್ತಾನೆ. ಇಲ್ಲಿ ಕೊನೆಗೆ ಕೂತವಳು ಕೊನೆಯವಳೇ.

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಮೆಸ್ಫಿನ್ ತಮಾಷೆಗೆ, "ಅಮ್ಮಾ, ನೀನೂ ಒಂದು ಪ್ರಮಾಣಪತ್ರ ಬರ್ಕೊಡು, ತಪ್ಪು ನಂದೇ ಅಂತ," ಅಂದ. ಅವನ ತಲೆಗೆ ಮೊಟಕಿದೆ. ಆಮೇಲೆ ಲಾಯರಮ್ಮನನ್ನು ಕೇಳಿಯೂ ಕೇಳಿದೆ. ಮನೆಯವರ ಮಾತು ನಡೆಯುವುದಿಲ್ಲವಂತೆ. ಸಾಕಿದವಳ ಮಾತಿಗೆ ಬೆಲೆಯಿಲ್ಲ, ಮುಖ ಪರಿಚಯವೂ ಇಲ್ಲದವನು ಹೊಗಳಿದರೆ ಬೆಲೆ!

ಆ ಮೂವರು ಹಿರಿಯರು, ಅವರ ಹೊಟ್ಟೆ ತಣ್ಣಗಿರಲಿ, ಕೇಳಿದ ಕೂಡಲೇ ಸಹಿ ಹಾಕಿಕೊಟ್ಟರು: ಪ್ರೋಗ್ರಾಂ ಬರೆದವಳು ಇವಳೇ, ನಮ್ಮ ಹೆಸರು ಮರ್ಯಾದೆಗೆ. ಅವರಲ್ಲಿ ಎಲ್ಲರಿಗಿಂತ ಹಿರಿಯ, ಬಿಳಿ ಗಡ್ಡದವನು, "ನನ್ನ ಹೆಸರು ಮೊದಲು ಕಂಡಾಗ ಇದು ನಿಮ್ಮ ಕಡೆ ಅಕ್ಷರಗಳ ಕ್ರಮ ಇರ್ಬೇಕು ಅಂದ್ಕೊಂಡೆನಮ್ಮಾ. ಕೇಳ್ಬೇಕಿತ್ತು," ಎಂದು ಕ್ಷಮೆ ಕೇಳಿದನಂತೆ. ಆದರೆ ಅಧಿಕಾರಿಗೆ ಹೊರಗಿನವರ ಸಾಕ್ಷಿಯೂ ಬೇಕಿತ್ತು. ಬೆಜಾವಿತ್ ಆ ಪ್ರೋಗ್ರಾಂ ಬಳಸುತ್ತಿದ್ದ ಊರುಗಳಿಗೆಲ್ಲ ನಾಚಿಕೊಂಡು ನಾಚಿಕೊಂಡು ಬರೆದಳು.

ಒಹಾಯೋದ ಒಂದು ಚಿಕ್ಕ ಊರಿನಿಂದ ಡೇಲ್ ಎಂಬವನ ಕಾಗದ ಬಂತು. ಆ ಊರಿನ ನೀರಿನ ಕೆಲಸ ನೋಡಿಕೊಳ್ಳುವವನು, ಮೂವತ್ತು ವರ್ಷದಿಂದ ಗುಂಡಿ ತೋಡುತ್ತಿರುವವನು. ಬೆಜಾವಿತ್ ಅದನ್ನು ನನಗೆ ಓದಿ ಹೇಳಿದಳು. ಕಳೆದ ಚಳಿಗಾಲದಲ್ಲಿ ಕಂಪ್ಯೂಟರು ಇಂಥ ಬೀದಿ, ಇಷ್ಟನೇ ಮನೆ ಎಂದು ತೋರಿಸಿತಂತೆ. ನಂಬದೆಯೇ ಅಗೆದರಂತೆ. ಪೈಪು ಕೂದಲೆಳೆಯಷ್ಟು ಬಿರಿದಿತ್ತಂತೆ, ಆಗಲೇ ಸರಿಮಾಡಿದರಂತೆ. ಅದೇ ಪೈಪು ಮುದುಕರ ಆಶ್ರಮಕ್ಕೆ ನೀರು ಕೊಡುವಂಥದ್ದು. ಮೂರು ದಿನಕ್ಕೆ ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದವು, ಆಶ್ರಮದಲ್ಲಿ ಮಾತ್ರ ನಲ್ಲಿ ನಿಲ್ಲಲಿಲ್ಲ. "ಇದನ್ನು ಯಾವುದೋ ಕಂಪನಿ ಮಾಡಿದೆ ಅಂದುಕೊಂಡಿದ್ದೆ. ಇದರ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ ಎಂದು ಗೊತ್ತಿದ್ದರೆ ಆವತ್ತೇ ಧನ್ಯವಾದ ಹೇಳುತ್ತಿದ್ದೆ" ಎಂದು ಬರೆದಿದ್ದ. ಜೆನೆಬೆಚ್, ನಾನು ಆ ಕಾಗದವನ್ನು ತೆಗೆದು ಕಣ್ಣಿಗೊತ್ತಿಕೊಂಡೆ. ಇಂಗ್ಲಿಷ್ ಅಕ್ಷರ, ನನಗೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಆದರೂ ಒತ್ತಿಕೊಂಡೆ.

ಥ್ಯಾಂಕ್ಸ್ ಹೇಳಲು ಅವಳು ಅವನಿಗೆ ಫೋನ್ ಮಾಡಿದಾಗ ನಾನೂ ಮಾತಾಡುತ್ತೇನೆಂದು ಹಟ ಹಿಡಿದೆ. ನಾನು ಅಂದದ್ದನ್ನು ಅವಳು ಅವನಿಗೆ, ಅವನು ಅಂದದ್ದನ್ನು ನನಗೆ ದಾಟಿಸುತ್ತಿದ್ದಳು.

"ನಿಮ್ಮ ಮಕ್ಕಳು ಮರಿ ತಣ್ಣಗಿರಲಿ," ಅಂದೆ.

"ನಾನು ನಿಜ ಬರ್ದೆ ಅಷ್ಟೇ ಅಮ್ಮಾ," ಅಂದ. ಆಮೇಲೆ ಸುಮ್ಮನೆ ಮಾತಿಗೆ ಕೇಳಿದ, "ಹುಡುಗಿ ಹೇಗೆ? ಚಿಕ್ಕಂದಿನಿಂದ್ಲೂ ಜಾಣೆಯಾ?"

ನನ್ನ ಬಾಯಿ ರೂಢಿಯಂತೆ ತೆರೆಯಿತು, "ಏನು ಜಾಣೆ, ಎಲ್ಲರ ಹಾಗೆ ಒಬ್ಬಳು" ಅನ್ನಲು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತು. ಬೆಜಾವಿತ್ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಏನಂದರೂ ಅದನ್ನೇ ದಾಟಿಸಬೇಕಲ್ಲ.

"ಹೇಳೇ ಅವನಿಗೆ," ಅಂದೆ. "ಎಂಟು ಮಕ್ಕಳನ್ನ ಸಾಕಿದೀನಿ, ಹನ್ನೊಂದು ಮೊಮ್ಮಕ್ಕಳನ್ನ ಎತ್ತಿ ಆಡಿಸಿದೀನಿ. ಇಂಥ ತಲೆ ಇನ್ನೊಂದು ನೋಡಿಲ್ಲ ಅಂತ ಹೇಳು."

ಅವಳು ಕೆಂಪಾದಳು. "ಅಜ್ಜೀ, ಇದನ್ನ ನಾನು ಹೇಗೆ ಹೇಳ್ಲಿ?"

"ಬಾಯಲ್ಲಿ ಹೇಳು!"

ಹೇಳಿದಳು. ತನ್ನ ಹೊಗಳಿಕೆಯನ್ನು ತನ್ನ ಬಾಯಿಂದಲೇ, ಪೂರ್ತಿ. ನಾನು ಕಣ್ಣೆಸರು ತಾಗದಿರಲೆಂದು ಎಡಕ್ಕೆ ಮೂರು ಸಲ ಉಗಿದು ಮರಿಯಮ್ ಹೆಸರು ಹೇಳಿದೆ. ಫೋನಿಟ್ಟ ಮೇಲೆ ಅವಳು ಕೂತು ಅತ್ತಳು. ಮಾರನೆಯ ದಿನ ಲಾಯರಮ್ಮನಿಗೆ ಏಳು ಪುಟ ಬರೆದು ಕಳಿಸಿದಳು, ಪ್ರತಿ ಸಾಲಿನಲ್ಲೂ ತಾನು ಮಾಡಿದ್ದು ಏನೆಂದು. "ಇದು ಅದೇ ಹುಡುಗೀನಾ?" ಅಂದಳಂತೆ ಲಾಯರಮ್ಮ.

ಒಪ್ಪಿಗೆ ಬಂದದ್ದು ಮೊನ್ನೆ ಬುಧವಾರ. ಉಪವಾಸದ ಕಾಲ, ಕೋಳಿಯ ಪುಣ್ಯ. ಮಸೂರ ಬೇಳೆಯಲ್ಲೇ ಹಬ್ಬ ಮಾಡಿದೆವು. ಕಾಫಿ ಹುರಿದು ಮೂರು ಸುತ್ತೂ ಕುಡಿದೆವು, ಲಾಯರಮ್ಮ ಮೂರನೆಯದಕ್ಕೂ ಕೂತಳು. ಡೇಲ್‌ಗೆ ಹುರಿದ ಬಾರ್ಲಿಯನ್ನೂ ನಮ್ಮ ಖಾರದ ಪುಡಿಯನ್ನೂ ಕಳಿಸಿದ್ದೆ. ಪುಡಿಯನ್ನು ಅವನು ಮೊಟ್ಟೆಯ ಮೇಲೆ ಸುರಿದುಕೊಂಡು ಅರ್ಧ ದಿನ ನೀರು ಕುಡಿದನಂತೆ. ನೀರಿನವನೇ ಅಲ್ಲವೇ, ಅವನಿಗೇನು ಬರ! ಇವತ್ತು ಚರ್ಚಿನಲ್ಲಿ ನಾನು ನಿಂತೇ ಪ್ರಾರ್ಥಿಸಿದೆ, ಕೋಲೂ ಹಿಡಿಯಲಿಲ್ಲ. ಆ ಮೂವರು ಹಿರಿಯರಿಗೆ, ಲಾಯರಮ್ಮನಿಗೆ, ಡೇಲ್‌ಗೆ, ಪ್ರಶ್ನೆ ಕೇಳಿದ ಆ ಅಧಿಕಾರಿಗೂ ಒಂದೊಂದು ಮೇಣದಬತ್ತಿ ಹಚ್ಚಿದೆ. ಅವನು ಕೇಳದೆ ಇದ್ದಿದ್ದರೆ ಈ ಹುಡುಗಿ ಸಾಯುವವರೆಗೂ ನಾಲ್ಕನೆಯವಳಾಗಿಯೇ ಇರುತ್ತಿದ್ದಳು.

ಯೇಸು ಎದ್ದುಬಂದ ಫಾಸಿಕಾ ಹಬ್ಬದ ಹೊತ್ತಿಗೆ ನಿನ್ನ ಬಾಗಿಲಿಗೆ ಬರುತ್ತಾಳೆ ಎಂದು ನನ್ನ ಆಸೆ. ಮಂಡಿಗೆ ಬೆಚ್ಚನೆಯ ಎಣ್ಣೆ ಹಚ್ಚು. ನಿನ್ನ ಹಟ್ಟಿ ತುಂಬಲಿ, ಕಣಜ ತುಂಬಲಿ, ಮಗಳನ್ನು ಕಣ್ತುಂಬ ನೋಡುವ ದಿನ ದೇವರು ನಿನಗೆ ಬೇಗ ತರಲಿ. ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದು ತಿಳಿ.

ನಿನ್ನ ತಾಯಿ,
ತಾಂಗುತ್

ಮರೆತ ಮಾತು: ಮರೆತದ್ದು ಅಂತ ಸುಳ್ಳು ಯಾಕೆ ಬರೆಯಲಿ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಫೋನಿನಲ್ಲಿ ನನ್ನ ನಾಲಿಗೆ ಯಾಕೆ ಸಿಕ್ಕಿಕೊಂಡಿತೆಂದರೆ, ಅದೇ ಪ್ರಶ್ನೆಯನ್ನು ನಿನ್ನ ಬಗ್ಗೆಯೂ ಒಬ್ಬರು ನನ್ನನ್ನು ಕೇಳಿದ್ದರು. ನಿನಗಾಗ ಹನ್ನೆರಡು. ಬಾಹಿರ್ ದಾರ್‌ನ ಹಾಸ್ಟೆಲ್ ಶಾಲೆಗೆ ನಮ್ಮ ಹಳ್ಳಿಯಿಂದ ಒಬ್ಬ ಹುಡುಗಿಯನ್ನು ಆರಿಸಲು ಪಟ್ಟಣದಿಂದ ಡೈರೆಕ್ಟರು ಬಂದಿದ್ದರು. ಪಟ್ಟಿಯಲ್ಲಿ ನಿನ್ನ ಹೆಸರಿತ್ತು, ನಿನ್ನ ಜೊತೆ ಓದುತ್ತಿದ್ದ ಮುಲುವಿನ ಹೆಸರಿತ್ತು. ನಮ್ಮ ಮನೆಯ ಕಾಫಿ ಕುಡಿದು, "ನಿಮ್ಮ ಹುಡುಗಿ ಓದಿನಲ್ಲಿ ಹೇಗಮ್ಮಾ?" ಎಂದು ಕೇಳಿದರು. "ಇವಳಾ? ದಡ್ಡಿ. ನೀರಿಗೆ ಕಳಿಸಿದ್ರೆ ಕೊಡಾನೇ ಮರೆತು ಬರ್ತಾಳೆ," ಅಂದೆ. ನಮ್ಮೂರಿನವರಾಗಿದ್ದರೆ ನಕ್ಕು, ಹಾಗಾದರೆ ಇವಳೇ ಸರಿ ಅನ್ನುತ್ತಿದ್ದರು. ಅವರು ತಲೆಯಾಡಿಸಿ ಬರೆದುಕೊಂಡರು. ಮುಲು ಹೋದಳು. ನೀನು ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದೆ, ನಾನು ನೋಡಿದೆ. ಅಳಲಿಲ್ಲ ನೀನು. ಮೂರು ವರ್ಷಕ್ಕೆ ನಿನ್ನ ಮದುವೆ ಮಾಡಿದೆವು. ಇಷ್ಟು ವರ್ಷ ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಿದವರಿಗೆಲ್ಲ ಅವಳಿಗೇ ಓದಲು ಮನಸ್ಸಿರಲಿಲ್ಲ ಎಂದು ಹೇಳಿಕೊಂಡು ಬಂದೆ. ಆ ಡೈರೆಕ್ಟರು ಸತ್ತು ಇಪ್ಪತ್ತು ವರ್ಷವಾಯಿತು. ಹೋಗಿ ತಿದ್ದಿ ಹೇಳೋಣವೆಂದರೆ ಕೇಳುವವರಿಲ್ಲ. ಬಾಗಿಲ ಹಿಂದಿದ್ದವಳಾದರೂ ಕೇಳಿಸಿಕೊಳ್ಳಲಿ. ಆ ಹಳ್ಳಿಯಲ್ಲಿ ನಿನ್ನಷ್ಟು ಜಾಣ ಮಗು ಇನ್ನೊಂದಿರಲಿಲ್ಲ. ನನಗದು ಆವತ್ತೇ ಗೊತ್ತಿತ್ತು.