ಮೋನಿಷಾಳ ಮಂಡಿಯ ವಿಚಾರ

ಮಂಡ್ಯ
ಫೆಬ್ರವರಿ ಮೂವತ್ತು, ೨೧೬೮

ನಾಗಮಣಿಯವರಿಗೆ,

ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆಂದು ಕಾಗದವನ್ನು ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಫೆಬ್ರವರಿ ಮುಗಿದ ಮೇಲೆ ಬರುತ್ತವೆ. ಅವುಗಳನ್ನು ಆಟದ ದಿನಗಳು ಎನ್ನುತ್ತೇವೆ. ನಾಳೆಯಿಂದ ಅವು ಶುರು. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವಳು; ನನ್ನ ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ. ನಿಮಗೆ ಈಗ ನಲವತ್ತೊಂದು ವರ್ಷ, ನನಗೆ ಎಪ್ಪತ್ತೆಂಟು. ನೀವು ನನಗಿಂತ ನೂರು ವರ್ಷ ಮೊದಲೇ ಹುಟ್ಟಿದವರಾದರೂ ಈ ಕಾಗದದ ಮಟ್ಟಿಗೆ ದೊಡ್ಡವಳು ನಾನೇ. ಬೈದರೆ ಬೈಸಿಕೊಳ್ಳಿ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಒಬ್ಬರು ಬದುಕಿನಲ್ಲಿ ಒಂದೇ ಸಲ ಬರೆಯಬಹುದು. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಮ್ಮೆಜಮಾನರಿಗೆಂದು ಇಟ್ಟುಕೊಂಡಿದ್ದೆ. ಅವರು ಹೋದ ದಿನ ಬೆಳಿಗ್ಗೆ ನಾನಾಡಿದ ಒಂದು ಮಾತಿಗೆ ತಪ್ಪಾಯಿತು ಎನ್ನಬೇಕಿತ್ತು. ಅದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ಹಿಂದಿನದು ಬದಲಾದರೆ ಇಲ್ಲಿ ನೀವೇ ಇರುವುದಿಲ್ಲವೇನೋ ಅಜ್ಜಿ ಎಂದು ಅಂಚೆಯ ಹುಡುಗಿ ಹೆದರಿಸಿದಳು. ಎಪ್ಪತ್ತೆಂಟು ವರ್ಷ ಇದ್ದದ್ದಾಯಿತಲ್ಲ, ಚೀಟಿ ಅಂಟಿಸು ಎಂದೆ.

ನೀವು ಬ್ಯಾಸ್ಕೆಟ್‌ಬಾಲ್ ಎನ್ನುವುದು ನಮಗೆ ಬುಟ್ಟಿಯಾಟ. ರಸ್ತೆಗಳೆಲ್ಲ ನೆಲದೊಳಕ್ಕೆ ಹೋದ ಮೇಲೆ ಮೇಲುಳಿದ ಬಯಲಿನಲ್ಲಿ ಕೇರಿಗೊಂದು ಅಂಕಣವಾಗಿದೆ. ಗೆರೆಯಾಚೆ ಹೆಂಗಸರು ಹಪ್ಪಳ ಒಣಗಿಸುತ್ತಾರೆ; ಚೆಂಡು ಬಂದು ಬಿದ್ದರೆ ಆಡುವವಳಿಗೂ ಬೈಗುಳ, ಅವಳನ್ನು ಹೆತ್ತವಳಿಗೂ ಬೈಗುಳ. ಆಟ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಳಿತು ಯಾರು ಗಟ್ಟಿ, ಯಾರು ಟೊಳ್ಳು ಎಂದು ಜಗಳವಾಡುವುದು ನಿಮ್ಮಂತೆಯೇ. ಆದರೆ ಒಂದು ವ್ಯತ್ಯಾಸವಿದೆ. ನೀವು ಫೋನಿನ ಮುಂದೆ ಆಡಿದ ಮಾತೆಲ್ಲ ನಮ್ಮಲ್ಲಿ ಒಂದು ಕಡೆ ತುಂಬಿಟ್ಟಿದೆ. ಅದಕ್ಕೆ ಮಾತಿನ ಕಣಜ ಎಂದು ಹೆಸರು. ಆಡುವ ಪ್ರತಿಯೊಬ್ಬರಿಗೂ ಮೈಚೀಟಿ ಎಂಬುದಿರುತ್ತದೆ. ಅವರ ವಂಶದಲ್ಲಿ ಯಾರು ಯಾರು ಆಡಿದರು, ಎಲ್ಲಿ ಬಿದ್ದರು, ನೋಡಿದವರು ಏನೆಂದರು, ಎಲ್ಲವನ್ನೂ ಕಣಜದಿಂದ ತೆಗೆದು ಅದರಲ್ಲಿ ಬರೆಯುತ್ತಾರೆ. ನೋಡಿದವರು ಅಯ್ಯೋ ಪಾಪ ಎಂದಿದ್ದರೆ ಕೆಟ್ಟ ಗಳಿಗೆ ಎಂದು ಬಿಟ್ಟುಬಿಡುತ್ತಾರೆ. ಟೊಳ್ಳು ಎಂದಿದ್ದರೆ ಅದು ಮಕ್ಕಳು ಮೊಮ್ಮಕ್ಕಳ ಚೀಟಿಗೂ ಇಳಿಯುತ್ತದೆ. ವೈದ್ಯರ ಮಾತು ಯಾಕೆ ಬೇಡವೆಂದು ಕೇಳಿದೆ. ಆ ಕಾಲದ ಆಸ್ಪತ್ರೆಯ ಕಾಗದಗಳು ಉಳಿದಿಲ್ಲ, ಉಳಿದಿರುವುದು ಹರಟೆಯೊಂದೇ ಎಂದರು ಕಣಜ ನೋಡಿಕೊಳ್ಳುವವರು.

ನನ್ನ ಮೊಮ್ಮಗಳು ಇಬ್ಬನಿಗೆ ಹದಿನಾರು ವರ್ಷ. ಅವಳ ಚೀಟಿಯಲ್ಲಿ ಎರಡೇ ಪದ ಇವೆ: ಗಾಜಿನ ವಂಶ. ಹುಟ್ಟಿದಂದಿನಿಂದ ಅವಳ ಮೈಯಲ್ಲಿ ಒಂದು ಮೂಳೆಯೂ ಮುರಿದಿಲ್ಲ. ಇದೇ ಎರಡು ಪದಕ್ಕೆ ಇವಳ ತಾಯಿಯನ್ನೂ, ಅಂದರೆ ನನ್ನ ಮಗಳನ್ನೂ, ತಂಡದಿಂದ ಹೊರಗಿಟ್ಟಿದ್ದರು. ಅವಳು ಆಮೇಲೆ ಚೆಂಡು ಮುಟ್ಟಲಿಲ್ಲ. ಅಂಕಣದ ಹಾದಿಯಲ್ಲಿ ನಡೆಯುವುದನ್ನೂ ಬಿಟ್ಟಳು. ಹದಿನೈದು ದಿನದ ಹಿಂದೆ ಇಬ್ಬನಿ ಚೀಟಿ ಹಿಡಿದು ಬಂದು, "ಅಜ್ಜಿ, ನನ್ ಮಂಡಿ ನಂದೇ ಅಲ್ವಾ?" ಎಂದು ಕೇಳಿದಳು. ಮಾರನೆಯ ಬೆಳಿಗ್ಗೆಯೇ ಆ ಚೀಟಿ ಮಡಚಿಕೊಂಡು ಕಣಜಕ್ಕೆ ಹೊರಟೆ.

ಆ ಪದ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹದಿಮೂರು ದಿನ ಕಣಜದಲ್ಲಿ ಕುಳಿತೆ. ನಿಮ್ಮ ಬಳಿಗೆ ಬಂದು ನಿಂತಿತು. ಈ ಕಾಗದ ನಿಮಗೆ ಸಿಗುವುದು ಶನಿವಾರ. ನಿನ್ನೆ ಶುಕ್ರವಾರ ಆಟದ ಮಧ್ಯೆ ಬಿದ್ದ ಮೋನಿಷಾ ನನ್ನ ಮುತ್ತಜ್ಜಿ. ನಾಳೆ ಭಾನುವಾರ ಸಂಜೆ ನೀವು ಮೂವರು ಮೈದಾನದ ಮೆಟ್ಟಿಲ ಮೇಲೆ ಫೋನ್ ಇಟ್ಟುಕೊಂಡು, ಅಭಿಮಾನಿಗಳ ಗುಂಪಿಗೆ ಕಳಿಸಲು ಮಾತಾಡುತ್ತೀರಿ. ಪಂಕ್ಚರ್ ಅಂಗಡಿಯ ಕೆಂಪರಾಜು ಶುರುಮಾಡುತ್ತಾನೆ: "ಅದ್ ಕಾಲಲ್ಲ ಕಣ್ ಮೇಷ್ಟ್ರೇ, ಗಾಜಿನ್ ಲೋಟ. ಮುಟ್ಟುದ್ರೆ ಒಡೀತದೆ."

ಪುಟ್ಟಸ್ವಾಮಿ ಮೇಷ್ಟರು ಒಪ್ಪದೆ, ಕೆಂಪರಾಜು ಮೆಚ್ಚುವ ಆಟಗಾರ್ತಿ ಜೀವಿತಾಳ ಹೆಸರೆತ್ತುತ್ತಾರೆ. "ನಿಮ್ ಜೀವಿತಾನೂ ಇದೇ ಮಂಡಿ ಹಿಡ್ಕೊಂಡು ಆರ್ ತಿಂಗ್ಳು ಮನೇಲಿರ್ಲಿಲ್ವೇನಯ್ಯ?"

"ಅದ್ ಬ್ಯಾರೆ ಬುಡಿ. ಆ ಹುಡ್ಗಿಗೆ ದೃಷ್ಟಿ ತಾಕಿತ್ತು. ಇವ್ಳದ್ದು ವಂಶದ್ ಮೂಳೇನೇ ಅಷ್ಟು."

ಇಬ್ಬರಿಗೂ ಹರಿದದ್ದು ಒಂದೇ ನರ, ಒಂದೇ ಮಂಡಿ. ಜೀವಿತಾಳಿಗೆ ಬಾಯಿರುವ ಅಭಿಮಾನಿಗಳಿದ್ದರು, ಅಷ್ಟೇ. ಮೇಷ್ಟರಿಗೆ ಸಮಾಧಾನವಾಗದೆ ನಿಮ್ಮ ಕಡೆ ತಿರುಗುತ್ತಾರೆ. "ನಾಗಮಣಿ, ನೀನೇ ಅಲ್ವೇನಮ್ಮ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು? ಏನಂದ್ರು ಡಾಕ್ಟ್ರು?"

"ನಂಗ್ಯಾಕ್ ಬುಡಿ ಮೇಷ್ಟ್ರೇ ಊರ್ ಉಸಾಬರಿ" ಎನ್ನುತ್ತೀರಿ ನೀವು. ಮೇಷ್ಟರು, "ಹಂಗಾದ್ರೆ ಗಾಜೇ ಅನ್ನು" ಎನ್ನುತ್ತಾರೆ. ಮೂವರೂ ನಗುತ್ತೀರಿ. ನಿಮ್ಮ ನಗು ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ.

ನಿಮಗೆ ನಿಜ ಗೊತ್ತಿತ್ತು. ಅದನ್ನೇ ನೀವು ಒಂಬತ್ತು ವರ್ಷದ ಮೇಲೆ ನಿಮ್ಮ ತಂಗಿಗೆ ಫೋನಿನಲ್ಲಿ ಹೇಳಿ ಅಳುತ್ತೀರಿ, ಅದೂ ಕಣಜದಲ್ಲಿದೆ. ಮೊದಲರ್ಧದಲ್ಲೇ ಮಂಡಿ ತಿರುಗಿತ್ತು. ನನ್ನನ್ನು ಹೊರಗೆ ಕೂರಿಸಿ ಎಂದು ಮೋನಿಷಾ ಎರಡು ಸಲ ಕೇಳಿಕೊಂಡಳು. ಕೋಚ್ ಬಟ್ಟೆ ಬಿಗಿದು ಒಳಗೆ ತಳ್ಳಿದ. ಆ ಕಾಲಿನಲ್ಲೇ ಅವಳು ಹನ್ನೊಂದು ಪಾಯಿಂಟ್ ಹಾಕಿದಳು. ಮೂಳೆ ಕಲ್ಲಿನಂತಿದೆ, ಆಗಲೇ ಕೂರಿಸಿದ್ದರೆ ನರ ಪೂರ್ತಿ ಹರಿಯುತ್ತಿರಲಿಲ್ಲ ಎಂದು ಡಾಕ್ಟರು ನಿಮ್ಮ ಮುಂದೆಯೇ ಹೇಳಿದರು. ಕೋಚ್ ನಿಮ್ಮ ಮೈದುನ. ಮನೆಯ ಮಾನ ಎಂದು ನುಂಗಿಕೊಂಡಿರಿ. ಆದರೆ ಒಂಬತ್ತು ವರ್ಷ ತಡವಾದ ಮಾತಿಗೆ ಇಲ್ಲಿ ಬೆಲೆಯಿಲ್ಲವಂತೆ. ಗಾಯವಾದ ವಾರದೊಳಗೆ ನೋಡಿದವರು ಆಡಿದ್ದು ಮಾತ್ರ ಚೀಟಿಗೆ ಸೇರುತ್ತದೆ. ಕಣಜದವರ ಮೇಜಿನ ಮೇಲೆ ಗುದ್ದಿದೆ, ಅತ್ತು ಕರೆದೆ, ಕಾಲು ಹಿಡಿಯಲೂ ಹೋದೆ. ನಿಯಮ ಅಜ್ಜಿ ಎಂದರು.

ನಾನೇನು ಸಾಚಾ ಅಲ್ಲ. ಹೋದ ತಿಂಗಳು ಎದುರು ಮನೆಯ ಹುಡುಗಿ ಭುಜ ಹಿಡಿದುಕೊಂಡು ಆಚೆ ಬಂದಾಗ, ಏನ್ ಸೋಗೇ ಇವಳದ್ದು ಎಂದು ಹತ್ತು ಜನ ಕೇಳುವಂತೆ ಕೂಗಿದವಳು ನಾನೇ. ಅವಳ ಭುಜದ ಮೂಳೆ ನಿಜವಾಗಿ ಬಿರುಕು ಬಿಟ್ಟಿತ್ತು. ಮೂರನೆಯ ದಿನವೇ ಕಣಜದ ಮುಂದೆ ನಿಂತು, ನನ್ನ ಮಾತು ಸುಳ್ಳು ಎಂದು ಬರೆಸಿಬಂದೆ. ನಾಚಿಕೆಯಾಯಿತು, ಜೀವವೇನೂ ಹೋಗಲಿಲ್ಲ.

ನಿಮ್ಮನ್ನು ಬೈಯಬೇಕೆಂದು ಕುಳಿತವಳು ಈಗ ಬೇಡುತ್ತಿದ್ದೇನೆ. ಕೆಂಪರಾಜುವಿನ ಬಾಯಿ ಮುಚ್ಚಿಸಿ ಎನ್ನುವುದಿಲ್ಲ, ಅದು ಯಾರಿಂದಲೂ ಆಗದು. ಮೇಷ್ಟರು ಕೇಳಿದಾಗ ಡಾಕ್ಟರು ಹೇಳಿದ್ದನ್ನು ಹೇಳಿ. ಅವಳು ಎರಡು ಸಲ ಕೇಳಿಕೊಂಡಳೆಂದು ಹೇಳಿ. ಮೈದುನ ಒಂದು ತಿಂಗಳು ಮಾತು ಬಿಡುತ್ತಾನೆ, ಓರಗಿತ್ತಿ ಪಾತ್ರೆ ಕುಕ್ಕುತ್ತಾಳೆ, ನಿಮ್ಮ ಅತ್ತೆ ಮುಖ ತಿರುಗಿಸುತ್ತಾರೆ. ತಡೆದುಕೊಳ್ಳಿ.

ಸೂರ್ಯ ಮುಳುಗಿದ ಕೂಡಲೇ ನಾಳೆ ಆಡುವವರ ಪಟ್ಟಿ ಅಂಟಿಸುತ್ತಾರೆ. ಬಿಸಿಲು ಈಗಾಗಲೇ ಗೋಡೆಯಿಂದ ಇಳಿದಿದೆ. ತನ್ನ ಹೆಸರಿಲ್ಲವೆಂದು ಗೊತ್ತಿದ್ದೂ ಇಬ್ಬನಿ ಬೂಟು ಕಟ್ಟಿಕೊಂಡು ಹೊಸಿಲ ಬಳಿ ಕುಳಿತಿದ್ದಾಳೆ. ಬಿಚ್ಚು ಮಗಳೇ ಎನ್ನಲು ನನ್ನ ಇಷ್ಟು ದೊಡ್ಡ ಬಾಯಿಗೆ ಆಗುತ್ತಿಲ್ಲ.

ನೀವು ಮಾತಾಡಿ, ನಾಗಮಣಿ.

ಇಂತಿ,
ಮೋನಿಷಾಳ ಮರಿಮಗಳು
ಹೊಂಬಾಳಮ್ಮ