ಬೂಟು ಹಾಕಿಕೊಂಡು ಕೂತವಳು

ಕೆಮಿ, ಫಿನ್‌ಲೆಂಡ್, ನವೆಂಬರ್ 14

ಕೆಳಗಿನ ಮನೆಯ ಲೆಂಪಿ ಅಜ್ಜಿಗೆ,

ನಿನ್ನೆ ನೀವು ಬಾಗಿಲು ತಟ್ಟಿ, "ಮೇರ್ಯಾ, ಬದುಕಿದ್ದೀಯೇನೇ? ಬಿಸಿ ಬ್ರೆಡ್ಡು ತಂದಿದ್ದೀನಿ, ತೆಗೀತೀಯೋ, ನಾಯಿಗೆ ಹಾಕ್ಲೋ?" ಎಂದು ಕೂಗಿದಾಗ ನಾನು ಬಾಗಿಲ ಹಿಂದೆಯೇ ಉಸಿರು ಬಿಗಿಹಿಡಿದು ಕೂತಿದ್ದೆ. ಕ್ಷಮಿಸಿ.

ಖಿನ್ನತೆಗೆ ಮಾತ್ರೆಯ ಜೊತೆ ದಿನಾ ಹತ್ತು ನಿಮಿಷ ಹೊರಗೆ ನಡೆಯಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮೂರು ವಾರದಿಂದ ಪ್ರತಿ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತೇನೆ. ಚಿಲಕಕ್ಕೆ ಕೈ ಹೋಗುವುದಿಲ್ಲ. ಅಲ್ಲೇ ನೆಲದ ಮೇಲೆ ಕೂತರೆ ಮಧ್ಯಾಹ್ನವಾಗುತ್ತದೆ.

ಒಂದು ಉಪಕಾರ ಮಾಡಿ. ನಾಳೆ ಹತ್ತು ಗಂಟೆಗೆ ನಿಮ್ಮ ನಾಯಿಯನ್ನು ಕರೆದುಕೊಂಡು ಬನ್ನಿ. ನಾನು ಬಾಗಿಲು ತೆಗೆಯದಿದ್ದರೆ ಈ ಲಕೋಟೆಯಲ್ಲಿರುವ ಚಾವಿಯಿಂದ ನೀವೇ ತೆಗೆಯಿರಿ. ಸಮಾಧಾನ ಹೇಳಬೇಡಿ, ನಾಯಿಯ ಹಗ್ಗ ಕೈಗೆ ಕೊಡಿ, ಸಾಕು. ಬೇಡವೆಂದು ಅತ್ತರೂ ಬಿಡಬೇಡಿ.

ಈ ಕಾಗದ ನಿಮ್ಮ ಬಾಗಿಲಡಿ ಸಿಕ್ಕಿದ್ದರೆ, ನಾನು ಹನ್ನೆರಡು ಮೆಟ್ಟಿಲು ಇಳಿದು ಬಂದಿದ್ದೆ ಎಂದು ತಿಳಿಯಿರಿ. ತಟ್ಟುವ ಧೈರ್ಯ ಮಾತ್ರ ನನಗಿಲ್ಲ.

ನಿಮ್ಮ ಮೇಲಿನ ಮನೆಯ,
ಮೇರ್ಯಾ