ಅಪ್ಪಣೆಯಿಲ್ಲದ ಪ್ರಸಾರ

ಭಾಗ್ಯನಗರ, ಕೊಪ್ಪಳ
ಆಗಸ್ಟ್ ೨೪, ಭಾನುವಾರ

ಶಿವಲೀಲಾ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ‘ನಾನು ಕ್ಷೇಮ’ ಎಂದರೆ ಸುಳ್ಳಾಗುತ್ತದೆ. ನಮ್ಮ ಬಾನುಲಿ ಕೇಂದ್ರದಲ್ಲಿ ಎಷ್ಟೋ ವರ್ಷ ಒಂದೇ ಮೈಕಿನ ಮುಂದೆ ಕೂತವರು ನಾವು. ನಿನಗೆ ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಮರಳಿ ಊರಿನ ಶಾಹಜಾದಬಿ ತೀರಿಕೊಂಡಳು. ಹಳ್ಳದ ನೀರಿನಲ್ಲಿ ಕೊಚ್ಚಿಹೋದಳು.

ಅವಳನ್ನು ನೀನು ಮರೆತಿರಲಾರೆ. ನಮ್ಮ ರೈತರ ಕಾರ್ಯಕ್ರಮಕ್ಕೆ ವಾರಕ್ಕೊಮ್ಮೆ ಫೋನ್ ಮಾಡಿ ಜಗಳ ತೆಗೆಯುತ್ತಿದ್ದವಳು. “ನೀವು ಹೇಳೋ ಭತ್ತದ ರೇಟು ಯಾವ ಊರಾಗ ಐತ್ರಿ? ಒಮ್ಮೆ ಕಾರಟಗಿಗೆ ಬಂದು ನೋಡ್ರಿ!” ಎಂದು ಅವಳು ಗದರಿದಾಗ ಮೈಕ್ ತೆರೆದಿದೆ ಎಂಬುದನ್ನೂ ಮರೆತು ನೀನು ನಕ್ಕಿದ್ದೆ. ಮರುದಿನದಿಂದ ರೇಟು ಓದುವ ಮುಂಚೆ ಕಾರಟಗಿಯ ಗಿರಣಿಗೊಂದು ಫೋನ್ ಮಾಡುವ ರೂಢಿ ಹಾಕಿದವಳೂ ನೀನೇ. ಆಗ ನಿನಗೆ ಕೇಳುವವರ ಭಯವಿತ್ತು. ರಾಜಧಾನಿಯ ಕಚೇರಿಗೆ ಅಧಿಕಾರಿಯಾಗಿ ಹೋದ ಮೇಲೆ ಅದು ಎಲ್ಲಿಗೆ ಹೋಯಿತು?

ಜೂನ್‌ನಲ್ಲಿ ನಿನ್ನ ಸಹಿಯ ಆದೇಶ ಬಂತು. ಸರ್ಕಾರದಿಂದ ಬರುವ ಹಣ ಕಡಿಮೆಯಾಗಿದೆ, ಸ್ಥಳೀಯ ಕಾರ್ಯಕ್ರಮಗಳಿಗೆ ಜಾಹೀರಾತಿಲ್ಲ, ಆದ್ದರಿಂದ ಇನ್ನು ಮುಂದೆ ರಾಜಧಾನಿಯ ಪ್ರಸಾರವನ್ನಷ್ಟೇ ಇಲ್ಲಿಂದ ಹಾಯಿಸಬೇಕು, ಅನುಮತಿಯಿಲ್ಲದೆ ನಡುವೆ ಒಂದು ಮಾತೂ ಸೇರಿಸಕೂಡದು. ನಾನು ಮತ್ತು ನನ್ನಂಥ ದಿನಗೂಲಿಯ ಉದ್ಘೋಷಕರೆಲ್ಲ ಅವತ್ತೇ ಮನೆಗೆ ಹೋದೆವು. ಯಂತ್ರ ನೋಡಿಕೊಳ್ಳಲು ಗೋವಿಂದರಾಜ ಒಬ್ಬನೇ ಉಳಿದ.

ಹಣವಿಲ್ಲ ಎಂದೆಯಲ್ಲ, ಹಣ ಹೇಗೆ ಬರುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಆದೇಶಕ್ಕೂ ಮುಂಚೆ, ಪ್ರಾಯೋಜಕರನ್ನು ಹುಡುಕಿ ಎಂದು ನೀವು ಹೇಳಿದಾಗ ಬೀಜ, ಔಷಧಿ ಮಾರುವ ದೇವೇಂದ್ರಪ್ಪ ಕೇಂದ್ರಕ್ಕೆ ಬಂದಿದ್ದರು. “ರೊಕ್ಕ ನಾ ಕೊಡ್ತೀನ್ರಿ. ಆದ್ರ ಕಳಪೆ ಬೀಜದ ಮಾತು ರೇಡಿಯೋದಾಗ ಬರಬಾರದು,” ಎಂದರು. ನಾನು ಆಗುವುದಿಲ್ಲ ಎಂದೆ. ನೀನು ಫೋನಿನಲ್ಲಿ, “ಒಪ್ಪಿಬಿಡವಾ, ಕಾರ್ಯಕ್ರಮ ಆದ್ರೂ ಉಳೀತೈತಿ,” ಎಂದಿದ್ದೆ. ಯಾರ ಬಾಯಿ ಮುಚ್ಚಿಸಿ ಉಳಿಯುವ ಕಾರ್ಯಕ್ರಮ ಅದು? ಎಡದಂಡೆ ಕಾಲುವೆ ಎಷ್ಟು ಜಾಹೀರಾತು ತಂದಿತು ಎಂದು ಯಾರಾದರೂ ಲೆಕ್ಕ ಕೇಳುತ್ತಾರೇನೇ? ಅದರಲ್ಲಿ ನೀರು ಹರಿದರೆ ಸಾಕು. ನಾವು ಆಡುವ ಮಾತೂ ಜನರ ದುಡ್ಡಿನಲ್ಲಿ ಜನರಿಗಾಗಿ ಹರಿಯಬೇಕಾದದ್ದು. ಅದಕ್ಕೆ ಮಾತ್ರ ಲಾಭ ತೋರಿಸು ಎನ್ನುತ್ತೀರಿ.

ಮಂಗಳವಾರ ನಡೆದದ್ದನ್ನು ಈಗ ಕೇಳು.

ಬೆಳಗಿನಿಂದ ಯಲಬುರ್ಗಾ ಕಡೆ ಮಳೆ ಹೊಯ್ಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಹಶೀಲ್ದಾರ್ ಕಚೇರಿಯ ಗುಮಾಸ್ತ ಸಿದ್ದಲಿಂಗೇಶ ನನ್ನ ಮೊಬೈಲಿಗೆ ಫೋನ್ ಮಾಡಿದ. “ಅಕ್ಕಾರ, ಮ್ಯಾಲಿನ ಕೆರಿ ಏರಿ ಒಡದೈತ್ರಿ. ಮರಳಿ ಹಳ್ಳಕ್ಕ ನೀರು ಬರಾಕತ್ತೈತಿ. ಯಾರೂ ಹಳ್ಳ ದಾಟಬಾರದು ಅಂತ ಲಗೂನ ರೇಡಿಯೋದಾಗ ಹೇಳ್ರಿ. ಅಲ್ಲಿ ಟವರ್ ಕೆಟ್ಟೈತಿ, ಒಂದು ಫೋನೂ ಹತ್ತವಲ್ದು.” ನಮ್ಮ ಕಾರ್ಯಕ್ರಮ ನಿಂತದ್ದು ಪಾಪ ಅವನಿಗೆ ಗೊತ್ತೇ ಇರಲಿಲ್ಲ. ಪ್ರತಿ ಮಳೆಗಾಲದಲ್ಲೂ ನಮಗೇ ಹೇಳಿ ರೂಢಿ.

ಉಂಡ ಕೈ ತೊಳೆಯದೆ ಕೇಂದ್ರಕ್ಕೆ ಓಡಿದೆ. ಸಿನಿಮಾ ಹಾಡು ಹೋಗುತ್ತಿತ್ತು. ವಿಷಯ ಕೇಳಿದ ಗೋವಿಂದರಾಜ, “ನಡುವ ಕಟ್ ಮಾಡಿದ್ರ ನನ್ನ ನೌಕರಿ ಹೋಗ್ತೈತ್ರಿ ಅಕ್ಕಾರ. ಮ್ಯಾಲಿನವರನ್ನ ಒಂದು ಮಾತು ಕೇಳ್ರಿ,” ಎಂದ. ಕೇಳಿದೆ. ಯಾರನ್ನು ಎಂದು ನಿನಗೆ ಗೊತ್ತು.

ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತಿದ್ದೇನೆ. “ಮಹೇಶಿ, ನೀ ಈಗ ಅಲ್ಲಿ ಕೆಲಸದಾಗ ಇಲ್ಲ. ತಹಶೀಲ್ದಾರರ ಕಡಿಂದ ಮೇಲ್ ಬರಲಿ, ಸಾಹೇಬರ ಮುಂದ ಇಡ್ತೀನಿ. ಅಲ್ಲಿತನಕ ಏನೂ ಮುಟ್ಟಬ್ಯಾಡ್ರಿ.” ನಾವು ಕಾದೆವು. ಒಂದು ಹಾಡು ಮುಗಿಯಿತು. ಸೋಪಿನ ಜಾಹೀರಾತು ಬಂತು. ಇನ್ನೊಂದು ಹಾಡು ಶುರುವಾಯಿತು. ಮತ್ತೆ ನಿನಗೆ ಫೋನ್ ಹಚ್ಚಿದರೆ ನೀನು ಎತ್ತಲಿಲ್ಲ.

ಆಗ ಗೋವಿಂದರಾಜನೇ ಎದ್ದ. “ಹೋದ್ರ ಹೋಗ್ಲಿ ಬಿಡ್ರಿ,” ಎಂದು ರಾಜಧಾನಿಯ ಪ್ರಸಾರ ಕಡಿದ. ನಾನು ಮೈಕಿನ ಮುಂದೆ ಕೂತು, ಮರಳಿ ಸುತ್ತಿನ ಹೊಲಗಳಲ್ಲಿ ಇರುವವರು ಹಳ್ಳದ ಕಡೆ ಹೋಗಬೇಡಿ, ಏರು ಜಾಗ ಹತ್ತಿರಿ ಎಂದು ಹೇಳಿದೆ. ಗಂಟಲು ಒಣಗುವವರೆಗೂ ಅದನ್ನೇ ಹೇಳಿದೆ.

ಅಲ್ಲಿ ಹೊಲದಲ್ಲಿ ಭತ್ತದ ಸಸಿ ನಾಟಿ ಮಾಡುವ ಹೆಂಗಸರ ಗುಂಪಿತ್ತು. ಬೇವಿನ ಗಿಡಕ್ಕೆ ರೇಡಿಯೋ ತೂಗುಹಾಕಿ ಕೆಲಸ ಮಾಡುವವರು. ಗುಂಪಿನ ಹಿರಿಯಳು ಹಜರತಬೀ ಆಮೇಲೆ ನನಗೆ ಹೇಳಿದಳು: “ನಿನ್ನ ದನಿ ಕೇಳಿ ಮೊದಲ ಖುಷಿ ಆತು, ನಮ್ಮ ಮಹೇಶಕ್ಕ ಮತ್ತ ಬಂದ್ಲು ಅಂತ. ನೀ ಹೇಳಿದ್ದು ತಿಳಿದ ಮ್ಯಾಲ ಕೈಯಾಗಿನ ಸಸಿ ಬಿಟ್ಟು ಎಲ್ಲಾರೂ ಕಾಲುವಿ ಏರಿ ಹತ್ತಿದಿವಿ.” ಅವರು ನೋಡನೋಡುತ್ತಿದ್ದಂತೆ ಹಳ್ಳ ಹೊಲದೊಳಕ್ಕೆ ನುಗ್ಗಿತಂತೆ. ಅಷ್ಟೂ ಜನ ಬದುಕಿದರು.

ಶಾಹಜಾದಬಿ ಅವರೊಂದಿಗೇ ಬುತ್ತಿ ಬಿಚ್ಚಿ ಉಂಡಿದ್ದಳು. ಮೊಮ್ಮಗಳನ್ನು ಹಳ್ಳದಾಚೆಯ ಶಾಲೆಯಿಂದ ಕರೆತರಬೇಕೆಂದು ಉಂಡವಳೇ ಎದ್ದು ಹೊರಟಳು. ನಾವು ನಿನ್ನ ಸಾಹೇಬರ ಅಪ್ಪಣೆಗೆ ಕಾಯುತ್ತಿದ್ದಾಗ ಅವಳು ರೇಡಿಯೋದ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು, ಶಿವಲೀಲಾ. ನಾನು ಬಾಯಿ ತೆರೆಯುವಷ್ಟರಲ್ಲಿ ಹಳ್ಳಕ್ಕೆ ಇಳಿದಿದ್ದಳು.

ಮರುದಿನ ಕೇಂದ್ರಕ್ಕೆ ಬಂದ ನಿಮ್ಮ ಮೇಲಧಿಕಾರಿಗಳು ಕೇಳಿದ್ದು ಅವಳ ಬಗ್ಗೆಯಲ್ಲ. ಹೊರಗಿನ ಹೆಂಗಸು ಸರ್ಕಾರಿ ಮೈಕಿನ ಮುಂದೆ ಹೇಗೆ ಕೂತಳು ಎಂದು. ಗೋವಿಂದರಾಜನನ್ನು ಅಮಾನತು ಮಾಡಿದ್ದಾರೆ. ನನ್ನ ಮೇಲೆ ಪೊಲೀಸರಿಗೆ ದೂರು ಕೊಡುತ್ತಾರಂತೆ. ಕೊಡಲಿ. “ಈಗ ರೇಡಿಯೋ ಯಾರು ಕೇಳುತ್ತಾರಮ್ಮ?” ಎಂದು ಅವರಲ್ಲೊಬ್ಬರು ನಕ್ಕರು. ಕಾಲುವೆಯ ಏರಿ ಹತ್ತಿ ಬದುಕಿದವರನ್ನು ಕರೆತಂದು ಅವರೆದುರು ನಿಲ್ಲಿಸಲೇ ಎಂದೆ. ಅವರಿಗೆ ಪುರುಸೊತ್ತಿರಲಿಲ್ಲ.

ನಿನ್ನೆ ಶಾಹಜಾದಬಿಯ ಮನೆಗೆ ಹೋಗಿದ್ದೆ. ಮಗ ಮುನವ್ವರ ಕೂರಲು ಚಾಪೆ ಹಾಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು, “ನೀವು ಹೇಳಿದ್ರಲ್ರಿ ಅಕ್ಕಾ, ನಮ್ಮವ್ವನ ನಸೀಬು ಅಷ್ಟ ಇತ್ತು,” ಎಂದ. ನನ್ನ ಮೈ ಉರಿದುಹೋಯಿತು. ಅದು ನಸೀಬಲ್ಲ ಎಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಮೇಲೆ ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು. ಬೇರೆ ಯಾರಾದರೂ ಆ ಕುರ್ಚಿಯಲ್ಲಿದ್ದಿದ್ದರೆ ಇಷ್ಟು ಬರುತ್ತಿರಲಿಲ್ಲ.

ಇಂತಿ,
ಮಹೇಶ್ವರಿ

ತಾ.ಕ.: ಶುಕ್ರವಾರದ ವಿಚಾರಣೆಯಲ್ಲಿ, ಮೇಲಿನವರ ಅನುಮತಿ ಕೇಳಿದ್ದಿರಾ ಎಂದರು. ಇಲ್ಲ ಎಂದುಬಿಟ್ಟೆ. ಗೋವಿಂದರಾಜ ನನ್ನ ಮುಖ ನೋಡಿ ಸುಮ್ಮನಾದ. ನಿನ್ನನ್ನು ಉಳಿಸಲು ಆಡಿದ ಸುಳ್ಳು ಎಂದು ತಿಳಿಯಬೇಡ. ನಿನ್ನ ಹೆಸರು ಬಂದಿದ್ದರೆ ಶಿವಲೀಲಾ ಒಬ್ಬಳ ತಪ್ಪು ಎಂದು ನಿನ್ನ ನೌಕರಿ ತೆಗೆದು, ಆದೇಶವನ್ನು ಹಾಗೇ ಇಟ್ಟುಕೊಳ್ಳುತ್ತಿದ್ದರು. ನನ್ನ ಪ್ರಕಾರ ರದ್ದಾಗಬೇಕಾದದ್ದು ಆ ಆದೇಶ. ಬರುವ ಗುರುವಾರ ವಿಚಾರಣೆಗೆ ಮತ್ತೆ ಕೂಡುತ್ತಾರೆ. ಬಂದು ಆ ಫೋನಿನ ಮಾತನ್ನು, ಆ ಆದೇಶದಿಂದಲೇ ಹಾಗೆ ಹೇಳಬೇಕಾಯಿತು ಎಂಬುದನ್ನು ನೀನೇ ಹೇಳು. ಬಾರದಿದ್ದರೆ ನಾನು ಹೇಳುತ್ತೇನೆ. ನೀನು ಬಂದರೆ ಇಳಿದುಕೊಳ್ಳಲು ನಮ್ಮ ಮನೆಯಿದೆ.